ಮನೆಯ ಪಾಠವೂ ಊರಿನ ಶಾಲೆಯೂ

ಅರಸೀಕೆರೆಯ ಬಳಿ ತೆಂಗಿನ ತೋಟದಲ್ಲಿ ಮನೆ ಮಾಡಿಕೊಂಡಿರುವ ಗೃಹಸ್ಥರೊಬ್ಬರು ತಮ್ಮ ಇಬ್ಬರು ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುತ್ತಿದ್ದಾರೆಂದೂ, ಇದು ಕಾನೂನಿಗೆ ಸಮ್ಮತವೇ, ಲೋಕಕ್ಕೆ ಹಿತವೇ ಎಂಬುದನ್ನು ಪತ್ರಿಕೆಯು ವಿಚಾರಿಸಬೇಕೆಂದೂ ನಮ್ಮ ವಾಚಕರೊಬ್ಬರು ಕೆಲವು ದಿನಗಳ ಹಿಂದೆ ಬರೆದಿದ್ದರು. ಪತ್ರದಲ್ಲಿ ಸ್ವಲ್ಪ ಕೋಪವೂ ಇತ್ತು. ತಿಳಿದವರೇ ಹೀಗೆ ಮಾಡಿದರೆ ಕೂಲಿಯವನು ತನ್ನ ಮಗಳನ್ನು ಶಾಲೆಗೆ ಏಕೆ ಕಳುಹಿಸಿಯಾನು ಎಂಬುದು ಅವರ ಪ್ರಶ್ನೆ. ಕೋಪದ ಪತ್ರಗಳಿಗೆ ಕುಳಿತಲ್ಲಿಂದಲೇ ಉತ್ತರ ಬರೆಯುವುದು ಸಂಪಾದಕರ ಹಳೆಯ ದುರಭ್ಯಾಸ. ಈ ಸಲ ನಾವು ಹಾಗೆ ಮಾಡದೆ, ಅರಸೀಕೆರೆಗೆ ಹೋಗಿ ಆ ಮನೆಯಲ್ಲಿ ಒಂದು ದಿನವಿದ್ದು, ಮರುದಿನ ಆ ಮನೆಯವರೊಡನೆಯೇ ಜಾವಗಲ್ಲಿನ ಮಾರ್ಗವಾಗಿ ಹಳೇಬೀಡನ್ನೂ ಬೇಲೂರನ್ನೂ ನೋಡಿಕೊಂಡು ಬಂದೆವು. ಕಂಡದ್ದನ್ನು ಇಲ್ಲಿ ನಿವೇದಿಸುತ್ತೇವೆ. ಮನೆಯವರ ಅಪೇಕ್ಷೆಯಂತೆ ಅವರ ಹೆಸರನ್ನು ಬರೆಯುವುದಿಲ್ಲ.

ಯಜಮಾನರು ಬೆಂಗಳೂರಿನಲ್ಲಿ ಹಲವು ವರ್ಷ ಕಂಪ್ಯೂಟರಿನ ಕೆಲಸದಲ್ಲಿದ್ದು, ತಂದೆಯ ಕಾಲಾನಂತರ ತೋಟಕ್ಕೆ ಹಿಂದಿರುಗಿದವರು. ಗೃಹಿಣಿಯು ವಿಜ್ಞಾನದಲ್ಲಿ ಪದವೀಧರೆ. ಹನ್ನೊಂದು ವರ್ಷದ ಮಗಳು, ಎಂಟು ವರ್ಷದ ಮಗ, ಯಜಮಾನರ ವೃದ್ಧ ತಾಯಿ, ಇಷ್ಟೇ ಸಂಸಾರ. ಮಕ್ಕಳನ್ನು ಶಾಲೆ ಬಿಡಿಸಿದುದಕ್ಕೆ ಕಾರಣವೇನೆಂದು ಕೇಳಿದೆವು. ಬೆಂಗಳೂರಿನಲ್ಲಿ ಮಗಳು ಮೂರು ವರ್ಷ ಒಂದು ಖಾಸಗಿ ಶಾಲೆಗೆ ಹೋಗಿದ್ದಳಂತೆ. ಮನೆಗೆ ಬಂದಮೇಲೆ ಅಜ್ಜಿಯೊಡನೆ ಕನ್ನಡದಲ್ಲಿ ಮಾತನಾಡುವುದಕ್ಕೆ ನಾಚಿಕೊಳ್ಳುತ್ತಿದ್ದಳಂತೆ. "ಅದೊಂದು ಸಾಕಾಯಿತು, ಸ್ವಾಮಿ" ಎಂದರು ತಂದೆ. ಅಜ್ಜಿಯವರು ಒಳಗಿನಿಂದಲೇ, "ನನಗೇನೂ ಬೇಜಾರಿರಲಿಲ್ಲಪ್ಪ, ಮಗು ಹೆಂಗಾದ್ರೂ ಮಾತಾಡ್ಲಿ ಅಂತಿದ್ದೆ" ಎಂದು ಕೂಗಿ ಹೇಳಿದರು.

ಈ ಮನೆಯ ದಿನಚರಿಗೆ ಗಂಟೆಯಿಲ್ಲ. ಬೆಳಗಿನ ಹಾಲನ್ನು ಹುಡುಗನು ಅಳೆದು ಒಂದು ಪುಸ್ತಕದಲ್ಲಿ ಬರೆಯುತ್ತಾನೆ. ಹೊರಗೆ ಕೊಟ್ಟದ್ದೆಷ್ಟು, ಮನೆಗೆ ಉಳಿದದ್ದೆಷ್ಟು ಎಂಬ ಕಳೆಯುವ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಹುಡುಗಿಯು ಅಂಗಳದಲ್ಲಿಟ್ಟ ಡಬ್ಬಿಯಲ್ಲಿ ಮಳೆಯ ನೀರನ್ನು ಅಳತೆಪಟ್ಟಿಯಿಂದ ಅಳೆದು ತೇದಿಯ ಮುಂದೆ ಗುರುತುಹಾಕುತ್ತಾಳೆ; ಅದರ ಪಕ್ಕದಲ್ಲಿ ಅಜ್ಜಿ ಹೇಳಿದ ಮಳೆಯ ನಕ್ಷತ್ರದ ಹೆಸರು. ಎಂಟು ಗಂಟೆಗೆ ತಾಯಿ ಜಗಲಿಯ ಮೇಲೆ ಕುಳಿತು ಕನ್ನಡ, ಲೆಕ್ಕ, ಇಂಗ್ಲಿಷುಗಳನ್ನು ಹೇಳಿಕೊಡುತ್ತಾರೆ. ಆಮೇಲೆ ಮಕ್ಕಳು ತಮಗೆ ತೋರಿದುದನ್ನು ಓದಬಹುದು. ಮಧ್ಯಾಹ್ನ ಅಜ್ಜಿಯ ಒಗಟು, ಕಥೆ. ಸಂಜೆ ತಂದೆಯೊಡನೆ ತೋಟ.

ತೋಟವೇ ಇವರ ಗಣಿತದ ಪುಸ್ತಕವೆಂದರೆ ಉತ್ಪ್ರೇಕ್ಷೆಯಾಗದು. ಈ ಸೀಮೆಯಲ್ಲಿ ಕೆಡವಿದ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟು, ಒಳಗಿನ ನೀರು ಇಂಗಿ ತಿರುಳು ಕರಟದಿಂದ ಬಿಟ್ಟುಕೊಂಡ ಮೇಲೆ ಉಂಡೆ ಕೊಬ್ಬರಿ ತೆಗೆಯುವುದು ರೂಢಿ. ಅಟ್ಟಕ್ಕೆ ಏರಿದ ಕಾಯೆಷ್ಟು, ಕೊಳೆತು ಹೋದದ್ದೆಷ್ಟು, ಸಾವಿರ ಕಾಯಿಗೆ ಇಳಿದ ಕೊಬ್ಬರಿಯ ತೂಕವೆಷ್ಟು, ಅರಸೀಕೆರೆಯ ಮಾರುಕಟ್ಟೆಯಲ್ಲಿ ಮಾರುವುದೋ ತಿಪಟೂರಿನ ಹರಾಜಿಗೆ ಒಯ್ಯುವುದೋ, ಒಯ್ದರೆ ಗಾಡಿಯ ಬಾಡಿಗೆ ಗಿಟ್ಟುವುದೋ ಇಲ್ಲವೋ. ಈ ಲೆಕ್ಕವನ್ನೆಲ್ಲ ಹನ್ನೊಂದು ವರ್ಷದ ಹುಡುಗಿಯು ನಮ್ಮೆದುರಿಗೆ ಬಾಯಲ್ಲಿಯೇ ಬಿಡಿಸಿದಳು. ಶೇಕಡ ಎಂದರೇನೆಂದು ಈಕೆಗೆ ಯಾರೂ ವಿವರಿಸಿ ಹೇಳಿಲ್ಲ. ಕೊಳೆತ ಕಾಯಿಗಳು ಹೇಳಿವೆ.

ಆದರೆ ಮೆಚ್ಚಿಗೆಯನ್ನು ಮಾತ್ರ ಬರೆದರೆ ಸತ್ಯಕ್ಕೆ ಅಪಚಾರವಾದೀತು. ನಾವಿದ್ದ ದಿನ ಆ ಮನೆಯಲ್ಲಿ ಪಾಠವೆಂದು ನಡೆದದ್ದು ಒಂದು ಗಂಟೆ ನಲವತ್ತು ನಿಮಿಷ. ಗಡಿಯಾರ ನೋಡಿಯೇ ಹೇಳುತ್ತಿದ್ದೇವೆ. ನಡುವೆ ನೆಂಟರೊಬ್ಬರು ಲಗ್ನಪತ್ರಿಕೆ ಹಿಡಿದು ಬಂದರು. ಹಸುವಿಗೆ ಹೊಟ್ಟೆಯುಬ್ಬರವಾಗಿ ಪಶುವೈದ್ಯರಿಗೆ ಹೇಳಿಕಳುಹಿಸಬೇಕಾಯಿತು. ಇಷ್ಟರಲ್ಲಿ ಊಟದ ಹೊತ್ತಾಯಿತು. ಹುಡುಗನಿಗೆ ಬರೆಯುವುದೆಂದರೆ ಆಗದು. ಎರಡು ತಿಂಗಳಿಂದ ಅವನು ಉಪಾಯವಾಗಿ ಬರವಣಿಗೆಯನ್ನು ತಪ್ಪಿಸಿಕೊಂಡಿದ್ದನೆಂಬುದು ನಾವು ಕಾಪಿ ಪುಸ್ತಕ ಕೇಳಿದಾಗಲೇ ತಾಯಿಯ ಗಮನಕ್ಕೆ ಬಂದದ್ದು. ಆಕೆ ನೊಂದುಕೊಂಡರು. ಅಡಿಗೆ, ಅತ್ತೆಯ ಔಷಧ, ಆಳುಗಳ ಕಾಫಿ, ಇವುಗಳೆಲ್ಲದರ ನಡುವೆ ಉಪಾಧ್ಯಾಯಿನಿಯ ಕೆಲಸವೂ ಆಕೆಯದೇ. ಮನೆಪಾಠವನ್ನು ಹೊಗಳತಕ್ಕ ಗಂಡಸರು ಈ ಸಂಬಳವಿಲ್ಲದ ಉಪಾಧ್ಯಾಯಿನಿಯ ದಿನವನ್ನೊಮ್ಮೆ ಎಣಿಸಿ ನೋಡಬೇಕು. ಹುಡುಗಿಗೆ ತನ್ನ ವಯಸ್ಸಿನ ಗೆಳತಿಯರಿಲ್ಲ. ಇಲ್ಲವೆಂದರೆ ಪೂರ್ತಿ ಇಲ್ಲವೆಂದಲ್ಲ. ಆ ಮಾತನ್ನು ಮುಂದೆ ಹೇಳುತ್ತೇವೆ.

ಮನೆಯಲ್ಲಿ ಕಲಿಯುವುದು ಹೊಸ ಪದ್ಧತಿಯೆಂದು ನಮ್ಮ ಪತ್ರಲೇಖಕರು ಭಾವಿಸಿದ್ದಾರೆ. ಹಾಗಲ್ಲ. ಸರ್ಕಾರಿ ಶಾಲೆಗಳು ಬರುವುದಕ್ಕೆ ಮೊದಲು ಈ ಸೀಮೆಯಲ್ಲಿ ವಿದ್ಯೆಯೆಂಬುದು ಇದ್ದದ್ದು ಮನೆಗಳಲ್ಲಿ, ಮಠಗಳಲ್ಲಿ, ಅಯ್ಯಗಳ ಜಗಲಿಯ ಕೂಲಿಮಠಗಳಲ್ಲಿ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು ಮೊದಲ ಹಂತ. ಆಮೇಲೆ ಕಡತ. ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವಾಯಿತು. ವರ್ತಕರ ಲೆಕ್ಕವೂ ಶಾನುಭೋಗರ ಲೆಕ್ಕವೂ ಅದರಲ್ಲಿಯೇ. ಅದರ ಮೇಲೆ ಬರೆಯುತ್ತಿದ್ದುದು ಬಳಪದಿಂದ. ಈ ಬಳಪದ ವಿಷಯದಲ್ಲಿ ಒಂದು ಮಾತು ಹೇಳದಿರಲಾರೆವು: ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಕಟ್ಟಿರುವುದೂ ಬಳಪದ ಕಲ್ಲಿನಿಂದಲೇ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಉಳಿಗೆ ಒಲಿಯುವ, ಗಾಳಿಗೆ ಒಡ್ಡಿದಂತೆ ಗಡುಸಾಗುವ ಆ ಕಲ್ಲಿನ ಜಾತಿಯ ಚೂರೇ ಮಗುವಿನ ಕೈಯಲ್ಲಿ ಅಕ್ಷರ ತಿದ್ದುವ ಕಡ್ಡಿಯಾಗುತ್ತಿತ್ತು.

ಹಳೆಯ ಆ ಏರ್ಪಾಡಿನ ಗುಣವನ್ನು ಹೇಳುವವರು ಬಹು ಮಂದಿಯಿದ್ದಾರೆ. ನಾವೂ ಪಾಠಶಾಲೆಯಲ್ಲಿ ಅಮರವನ್ನು ಉರುಹೊಡೆದವರು; ಬಾಯಿಪಾಠದ ಬೆಲೆ ನಮಗೆ ತಿಳಿಯದುದಲ್ಲ. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಲ್ಲ ಮುದುಕರ ಮುಂದೆ ಇಂದಿನ ಪದವೀಧರರು ತಲೆತಗ್ಗಿಸಬೇಕಾದೀತು. ಆದರೆ ಆ ಜಗಲಿಯ ಮೇಲೆ ಯಾರು ಕುಳಿತಿದ್ದರು, ಯಾರು ಬೀದಿಯಲ್ಲಿ ನಿಂತಿದ್ದರು? ಅರ್ಚಕನ ಮಗ ಅರ್ಚಕನ ವಿದ್ಯೆಯನ್ನೂ, ಶೆಟ್ಟಿಯ ಮಗ ಲೆಕ್ಕವನ್ನೂ, ಅಕ್ಕಸಾಲೆಯ ಮಗ ತಕ್ಕಡಿಯನ್ನೂ ಕಲಿತ. ಮನೆಯಲ್ಲಿ ವಿದ್ಯೆಯಿದ್ದವನಿಗೆ ಮನೆಪಾಠ. ಮನೆಯಲ್ಲಿ ವಿದ್ಯೆಯಿಲ್ಲದವನಿಗೆ ಏನು? ಹೆಣ್ಣುಮಗಳಿಗೆ ಏನು? ಹೊಲಗೇರಿಯ ಮಗುವಿಗೆ ಏನು?

ಈ ಪ್ರಶ್ನೆಗೆ ಮೈಸೂರು ಸೀಮೆಯಲ್ಲಿ ಮೊದಲು ಸಿಕ್ಕಿದ ಉತ್ತರ ಹೋಬಳಿ ಶಾಲೆ. ೧೮೬೮ರಲ್ಲಿ ಹೋಬಳಿಗೊಂದು ಶಾಲೆಯಿರಬೇಕೆಂಬ ಏರ್ಪಾಡನ್ನು ರೂಪಿಸಿದವರು ಬಿ. ಎಲ್. ರೈಸ್ ಸಾಹೇಬರು. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ, ಕನ್ನಡವನ್ನು ಚೆನ್ನಾಗಿ ಬಲ್ಲವರಾಗಿ, ವಿದ್ಯಾ ಇಲಾಖೆಯಲ್ಲಿ ಕೆಲಸಮಾಡಿ, ಮುಂದೆ ಶಾಸನಗಳ ಶೋಧನೆಗೆ ಜೀವನವನ್ನು ಒಪ್ಪಿಸಿದ ಮಹಾನುಭಾವರಿವರು. ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ೧೯೦೨ರಲ್ಲಿ ಅಚ್ಚುಹಾಕಿಸಿದವರೂ ಇವರೇ. ಕಲ್ಲಿನ ಅಕ್ಷರವನ್ನು ಓದಿದ ಕೈಯೇ ಹಳ್ಳಿಯ ಮಗುವಿಗೆ ಅಕ್ಷರ ಮುಟ್ಟುವ ದಾರಿಯನ್ನೂ ಹಾಕಿತು. ವಿದೇಶೀಯರ ಆಳ್ವಿಕೆಯನ್ನು ನಮ್ಮ ಪತ್ರಿಕೆ ಎಂದೂ ಹೊಗಳಿದುದಿಲ್ಲ, ಹೊಗಳುವುದೂ ಇಲ್ಲ. ಆದರೆ ಋಣವನ್ನು ಮರೆಯುವುದು ದೇಶಾಭಿಮಾನವಲ್ಲ. ಆ ಬಳಿಕ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೩ರಲ್ಲಿ, ಸಂಸ್ಥಾನದ ಕೆಲವೆಡೆಗಳಲ್ಲಿ ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯಮಾಡುವ ಕಾಯಿದೆ ಬಂದಿತು. ಅಸ್ಪೃಶ್ಯರೆಂದು ದೂರವಿಟ್ಟವರ ಮಕ್ಕಳು ಅದೇ ಕೋಣೆಯಲ್ಲಿ ಅದೇ ಮಣೆಯ ಮೇಲೆ ಕುಳಿತುಕೊಳ್ಳುವುದಕ್ಕೆ ಇನ್ನೂ ಬಹುಕಾಲ ಹೋರಾಡಬೇಕಾಯಿತು. ಆ ಸಾಲು ಮಣೆಯು ಸುಲಭವಾಗಿ ದೊರೆತುದಲ್ಲ ಎಂಬುದನ್ನು ಶಾಲೆಯನ್ನು ಹಗುರವಾಗಿ ಬಿಡತಕ್ಕವರು ನೆನಪಿನಲ್ಲಿಡಬೇಕು.

ಮರುದಿನ ಬೆಳಗ್ಗೆ ಪ್ರಯಾಣ. ಹೊರಡುವ ಮುನ್ನ ಅರಸೀಕೆರೆಯ ಈಶ್ವರ ದೇವಾಲಯಕ್ಕೆ ಹೋದೆವು. ಅರಸಿಯ ಕೆರೆಯ ಈ ಊರಿನಲ್ಲಿ ೧೨೨೦ರ ಸುಮಾರಿಗೆ ಕಟ್ಟಿದ ಈ ಗುಡಿಗೆ, ರೈಲು ಬದಲಾಯಿಸುವುದಕ್ಕೆಂದೇ ಅರಸೀಕೆರೆಯನ್ನು ಬಲ್ಲ ಸಾವಿರಾರು ಜನರಲ್ಲಿ ಒಬ್ಬರಾದರೂ ಬಂದಿರುವರೋ ಇಲ್ಲವೋ. ಇದರ ನಕ್ಷೆ ಹದಿನಾರು ಮೊನೆಯ ನಕ್ಷತ್ರದಂತಿದೆ. ಹುಡುಗಿಯು ಅಂಗಳದ ಮಣ್ಣಿನಲ್ಲಿ ಒಂದು ಗೂಟ ಊರಿ, ದಾರ ಕಟ್ಟಿ, ಒಂದೇ ನಡುವಿನ ಮೇಲೆ ಚೌಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ನಾಲ್ಕು ಸಲ ಬರೆದಳು. ನಾಲ್ಕು ಚೌಕ, ಹದಿನಾರು ಮೊನೆ. "ಇಷ್ಟೇ" ಎಂದು ಕೈಯ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡಳು. ಇದನ್ನು ತಂದೆಯಿಂದ ಕಲಿತಳಂತೆ.

ಹಳೇಬೀಡಿನಲ್ಲಿ ಹುಡುಗನ ಸರದಿ. ಹೊಯ್ಸಳೇಶ್ವರ ದೇವಾಲಯದ ಗೋಡೆಯ ತಳಭಾಗದಲ್ಲಿ ಸುತ್ತಲೂ ಆನೆಗಳ ಸಾಲು. ಅಲ್ಲಿ ಎರಡು ಸಾವಿರಕ್ಕೆ ಕಡಿಮೆಯಿಲ್ಲದ ಆನೆಗಳಿವೆಯೆಂದು ಫರ್ಗ್ಯುಸನ್ ಎಂಬ ವಿದ್ವಾಂಸನು ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದನು. ಹುಡುಗನು ಅದನ್ನು ಪರೀಕ್ಷಿಸಿಯೇ ತೀರುವೆನೆಂದು ಹೊರಟ. ಎಪ್ಪತ್ತರವರೆಗೆ ಎಣಿಸಿ, ಒಂದು ಮೂಲೆಯಲ್ಲಿ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿ, ಕಡೆಗೆ ಒಂದು ಮಾರಿಗೆ ಎಷ್ಟೆಂದು ಎಣಿಸಿ ಗೋಡೆಯನ್ನು ಮಾರಿನಿಂದ ಅಳೆಯುವುದು ಸುಲಭವೆಂದು ತಾನಾಗಿಯೇ ಕಂಡುಕೊಂಡ. ಇಷ್ಟರಲ್ಲಿ ಒಂದು ಶಾಲೆಯ ಮಕ್ಕಳು ಬಸ್ಸಿನಿಂದ ಇಳಿದು ಸಾಲಾಗಿ ಬಂದರು. ಉಪಾಧ್ಯಾಯರು ಸೀಟಿ ಊದಿದರು. ಮಕ್ಕಳು ಹತ್ತು ನಿಮಿಷದಲ್ಲಿ ಗುಡಿಯನ್ನು ಒಂದು ಸುತ್ತು ಬಂದು, ನಂದಿಯ ಮುಂದೆ ಚಿತ್ರ ತೆಗೆಸಿಕೊಂಡು ಹೊರಟೇಹೋದರು. ತಂದೆಯು ನಮ್ಮ ಕಡೆ ನೋಡಿ ಮುಗುಳ್ನಕ್ಕರು. ಆ ನಗೆಯ ಅರ್ಥ ನಮಗಾಯಿತು. ಆದರೆ ಅವರು ಗಮನಿಸದ ಇನ್ನೊಂದನ್ನು ನಾವು ಕಂಡೆವು: ಅವರ ಮಗನು ಆನೆಗಳನ್ನು ಬಿಟ್ಟು, ನೂಕಾಡುತ್ತ ನಗುತ್ತ ಬಸ್ಸು ಹತ್ತುತ್ತಿದ್ದ ಆ ಹುಡುಗರನ್ನು ಬಸ್ಸು ಕಣ್ಮರೆಯಾಗುವವರೆಗೂ ನೋಡುತ್ತ ನಿಂತಿದ್ದನು.

ಹಳೇಬೀಡಿಗೆ ಹದಿನಾರು ಕಿಲೋಮೀಟರು ದೂರದಲ್ಲಿ ಬೇಲೂರು. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆಮಾಡಿಸಿದ ಚೆನ್ನಕೇಶವನ ಈ ಗುಡಿಯು ೨೦೨೩ರ ಸೆಪ್ಟೆಂಬರಿನಲ್ಲಿ ಹಳೇಬೀಡು, ಸೋಮನಾಥಪುರಗಳ ಗುಡಿಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ಸಂತೋಷ ಎಲ್ಲರಿಗೂ ಇದೆ. ನಾವು ಅಲ್ಲಿ ಹುಡುಕಿದ್ದು ಬೇರೊಂದನ್ನು. ಗುಡಿಯ ಹೊರಗೋಡೆಯ ಮೇಲ್ಭಾಗದ ಮದನಿಕೆಯರಲ್ಲಿ ಕೆಲವರ ಪೀಠದಲ್ಲಿ ಕೆತ್ತಿದವರ ಹೆಸರುಗಳಿವೆ. ೧೯೧೯ರಲ್ಲಿ ರಾವ್‌ಬಹದ್ದೂರ್ ಆರ್. ನರಸಿಂಹಾಚಾರ್ಯರು ಈ ದೇವಾಲಯದ ಮೇಲೆಯೇ ಒಂದು ಗ್ರಂಥವನ್ನು ಪ್ರಕಟಿಸಿ ಇಂತಹ ಹೆಸರುಗಳನ್ನು ಲೋಕಕ್ಕೆ ತಿಳಿಸಿದರು. ಅವುಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಅವನ ಮಗ ಚಾವಣನ ಹೆಸರೂ ಇದೆ. ಶಿಕಾರಿಪುರದ ಸೀಮೆಯ ಬಳ್ಳಿಗಾವೆಯಿಂದ ತಂದೆಯೂ ಮಗನೂ ಬೇಲೂರಿಗೆ ಬಂದು, ಒಂದೇ ಗುಡಿಯಲ್ಲಿ ಬೇರೆ ಬೇರೆ ಮದನಿಕೆಯರನ್ನು ಕೆತ್ತಿ, ಬೇರೆ ಬೇರೆಯಾಗಿ ಹೆಸರು ಹಾಕಿದರು. ಮಗನು ತಂದೆಯ ಹೆಸರಿನ ಮರೆಯಲ್ಲಿ ಅಡಗಲಿಲ್ಲ, ತಂದೆಯೂ ಅಡಗಿಸಲಿಲ್ಲ. ಮನೆಪಾಠದ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ನಾವು ಕಂಡಿಲ್ಲ.

ಹುಡುಗಿಯು ಕತ್ತನ್ನು ಹಿಂದಕ್ಕೆ ಬಾಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಅಪ್ಪಾ, ದಾಸೋಜನಿಗೆ ಮಗಳಿರಲಿಲ್ವಾ?"

ತಂದೆ ಉತ್ತರ ಹೇಳಲಿಲ್ಲ. ನಲವತ್ತೆರಡು ಮದನಿಕೆಯರು ಕನ್ನಡಿ ಹಿಡಿದು, ಗಿಳಿ ಹಿಡಿದು, ಬೇಟೆಯಾಡಿ, ಕುಣಿದು ನಿಂತಿರುವ ಆ ಗುಡಿಯಲ್ಲಿ ಒಬ್ಬ ಹೆಣ್ಣುಮಗಳಾದರೂ ಉಳಿ ಹಿಡಿದು ತನ್ನ ಹೆಸರು ಕೆತ್ತಿದ ಪೀಠವನ್ನು ನಾವು ತೋರಿಸಲಾರೆವು.

ಅದೇ ಪ್ರಾಕಾರದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯೂ ಇದೆ. ಅದರ ಕಥೆ ನಮ್ಮ ವಾಚಕರಿಗೆ ತಿಳಿದದ್ದೇ. ಜಕಣಾಚಾರಿಯು ಮನೆ ಬಿಟ್ಟು ಬಂದು ಬೇಲೂರಿನಲ್ಲಿ ಕೆತ್ತುತ್ತಿದ್ದಾಗ, ತಂದೆಯ ಮುಖವನ್ನೇ ಕಾಣದೆ ಬೆಳೆದ ಡಂಕಣನು ಅಲ್ಲಿಗೆ ಬಂದು, ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದನಂತೆ. ಗಂಧ ಲೇಪಿಸಿದರೆ ಎಲ್ಲ ಕಡೆಯೂ ಒಣಗಿ ಹೊಕ್ಕುಳಿನ ಬಳಿ ಮಾತ್ರ ಹಸಿಯಾಗಿ ಉಳಿಯಿತು. ಕೆತ್ತಿದರೆ ಒಳಗಿಂದ ಕಪ್ಪೆ ಹೊರಬಿತ್ತು. ಶಿಲ್ಪಿಯು ತನ್ನ ಕೈಯನ್ನೇ ಕಡಿದುಕೊಂಡನು. ಇದು ಚರಿತ್ರೆಯಲ್ಲ, ಐತಿಹ್ಯ. ಶಾಸನಗಳಲ್ಲಿ ಇದಕ್ಕೆ ಆಧಾರವಿಲ್ಲ. ಆದರೂ ಜನರು ಇದನ್ನು ಇಷ್ಟು ಕಾಲ ಹೇಳಿಕೊಂಡು ಬಂದುದಕ್ಕೆ ಕಾರಣವಿರಬೇಕು. ಶಾಸನದಲ್ಲಿ ಮಗನು ತಂದೆಯ ಬಳಿ ಕಲಿತವನಾಗಿ ಕಾಣುತ್ತಾನೆ. ಐತಿಹ್ಯದಲ್ಲಿ ತಂದೆಯಿಂದ ದೂರ ಬೆಳೆದವನು ತಂದೆಯ ತಪ್ಪನ್ನು ತೋರಿಸುತ್ತಾನೆ. ಕಲ್ಲಿನೊಳಗಿನ ಕಪ್ಪೆ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಕಾಪಿ ಪುಸ್ತಕದ ವಿಷಯವನ್ನು ನೆನೆದು ನಾವು ಇದನ್ನು ಗೃಹಿಣಿಗೆ ಹೇಳಿದಾಗ ಆಕೆಯೇ ನಕ್ಕುಬಿಟ್ಟರು.

ಬೇಲೂರಿನ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಾಗ ಯಜಮಾನರು ಶಿವರಾಮ ಕಾರಂತರ ಮಾತನ್ನೆತ್ತಿದರು. ಬೇಲೂರಿನಿಂದ ಸಕಲೇಶಪುರ ದಾಟಿ ಶಿರಾಡಿಯ ಘಟ್ಟವನ್ನಿಳಿದರೆ ಪುತ್ತೂರು. ಅಲ್ಲಿಯ ಬಾಲವನದಲ್ಲಿ ಕಾರಂತರು ತಮ್ಮ ಮಕ್ಕಳನ್ನು ಎಳೆತನದಲ್ಲಿ ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸಿದರು. ತಮ್ಮ ಮಕ್ಕಳಿಗೆ ಮಾತ್ರವೇ ಅಲ್ಲ, ನಾಡಿನ ಮಕ್ಕಳಿಗೆಲ್ಲ ಬಾಲಪ್ರಪಂಚವನ್ನು ಬರೆದುಕೊಟ್ಟರು. ಆ ಮಕ್ಕಳಲ್ಲಿ ಒಬ್ಬರಾದ ಉಲ್ಲಾಸ ಕಾರಂತರು ಮುಂದೆ ಇಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು, ಹುಲಿಗಳ ಶಾಸ್ತ್ರೀಯ ಅಧ್ಯಯನದಿಂದ ಜಗತ್ತಿನಲ್ಲಿ ಹೆಸರಾದರು. ಯಜಮಾನರಿಗೆ ಇದು ದೊಡ್ಡ ಆಧಾರ. ನಾವು ಅಲ್ಲಗಳೆಯಲಿಲ್ಲ. ಆದರೆ ಕಾರಂತರಂತಹ ತಂದೆ ಎಷ್ಟು ಮನೆಗಳಲ್ಲಿದ್ದಾರೆ? ಬಾಲವನಕ್ಕೆ ಬರುತ್ತಿದ್ದ ನಟರೂ ವಿದ್ವಾಂಸರೂ ಅಲೆಮಾರಿಗಳೂ ಎಷ್ಟು ಮನೆಗಳಿಗೆ ಬರುತ್ತಾರೆ?

ಅವರು ಕಾರಂತರನ್ನು ಹೇಳಿದರೆ ನಾವು ಮಹಾತ್ಮರನ್ನು ಹೇಳಿದೆವು. ದಕ್ಷಿಣ ಆಫ್ರಿಕದಲ್ಲಿ ಗಾಂಧಿಯವರು ತಮ್ಮ ಮಕ್ಕಳನ್ನು ಐರೋಪ್ಯರ ಶಾಲೆಗೆ ಸೇರಿಸಲಿಲ್ಲ. ಭಾರತೀಯರ ಮಕ್ಕಳೆಲ್ಲರಿಗೂ ಇಲ್ಲದ ಪ್ರವೇಶವು ತಮ್ಮ ಮಕ್ಕಳಿಗೆ ಮಾತ್ರ ದಯೆಯಿಂದ ದೊರೆಯುವುದು ಅವರಿಗೆ ಬೇಡವಾಗಿತ್ತು. ಜೋಹಾನ್ಸ್‌ಬರ್ಗಿನಲ್ಲಿ ಮನೆಯಿಂದ ಕಛೇರಿಗೆ ನಡೆದು ಹೋಗುವಾಗ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ, ದಾರಿಯಲ್ಲಿ ಗುಜರಾತಿಯಲ್ಲಿ ಮಾತನಾಡುತ್ತ ಕಲಿಸುತ್ತಿದ್ದರು. ಎಷ್ಟು ಉದಾತ್ತವಾದ ಕಾರಣ, ಎಷ್ಟು ದೊಡ್ಡ ಗುರು! ಆದರೂ ಹಿರಿಯ ಮಗ ಹರಿಲಾಲರು ತಮಗೆ ಸರಿಯಾದ ವಿದ್ಯಾಭ್ಯಾಸ ದೊರೆಯಲಿಲ್ಲವೆಂಬ ಕೊರಗಿನಿಂದ ೧೯೧೧ರಲ್ಲಿ ತಂದೆಯನ್ನು ಬಿಟ್ಟು ಭಾರತಕ್ಕೆ ಬಂದು, ವಯಸ್ಸು ಮೀರಿದ ಮೇಲೆ ಮೆಟ್ರಿಕ್ಯುಲೇಷನ್ನಿಗೆ ಓದತೊಡಗಿದರು. ಮಕ್ಕಳ ಈ ಅಸಮಾಧಾನವನ್ನು ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ತತ್ತ್ವವು ತಂದೆಯದು, ಪರೀಕ್ಷೆ ಮಗನದು. ನಾವು ಇಷ್ಟು ಹೇಳಿದಮೇಲೆ ಊಟದ ಎಲೆಯ ಮುಂದೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಅತಿಥಿಯಾಗಿ ಹೋದವರು ಆಡಬಾರದ ಮಾತಾಯಿತೇನೋ.

ಕಾನೂನಿನ ವಿಷಯ ಸಂಕ್ಷೇಪವಾಗಿ ಹೇಳಿಬಿಡಬಹುದು. ೨೦೦೨ರಲ್ಲಿ ಸಂವಿಧಾನಕ್ಕೆ ಆದ ಎಂಬತ್ತಾರನೆಯ ತಿದ್ದುಪಡಿಯು ೬ರಿಂದ ೧೪ ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ಮಾಡಿತು. ಅದನ್ನು ನಡೆಸಿಕೊಡುವ ೨೦೦೯ರ ಕಾಯಿದೆಯು ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಅದರ ಹತ್ತನೆಯ ಪ್ರಕರಣ ಹೇಳುತ್ತದೆ. ಸೇರಿಸದಿದ್ದ ತಂದೆತಾಯಿಗಳಿಗೆ ದಂಡವನ್ನು ಆ ಕಾಯಿದೆ ವಿಧಿಸಿಲ್ಲ. ಮನೆಪಾಠವೆಂಬ ಹೆಸರನ್ನೇ ಅದು ಎತ್ತಿಲ್ಲ. ಹದಿನಾಲ್ಕು ತುಂಬಿದ ಮಗುವು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಕಟ್ಟಬಹುದು. ಹೀಗಾಗಿ ನಮ್ಮ ಅರಸೀಕೆರೆಯ ಗೃಹಸ್ಥರು ಅಪರಾಧಿಯಲ್ಲ. ನಿಶ್ಚಿಂತರೂ ಅಲ್ಲ. ಕಾನೂನು ಕಣ್ಣುಮುಚ್ಚಿರುವ ಸಂದಿನಲ್ಲಿ ಬದುಕುತ್ತಿರುವವರು.

ಆ ಕಾನೂನು ಏತಕ್ಕಾಗಿ ಬಂದಿತೆಂಬುದನ್ನು ನೋಡುವುದಕ್ಕೆ ಅವರ ತೋಟದಿಂದಾಚೆಗೆ ಹೋಗಬೇಕಾಗಿರಲಿಲ್ಲ. ಮೊದಲ ದಿನ ಪಾಠ ನಡೆಯುತ್ತಿದ್ದಾಗ ಜಗಲಿಯ ಕೊನೆಯಲ್ಲಿ ಕಂಬಕ್ಕೆ ಒರಗಿಕೊಂಡು ಒಬ್ಬ ಹುಡುಗಿ ನಿಂತಿದ್ದಳು. ಹತ್ತು ವರ್ಷವಿರಬಹುದು. ಕಾಯಿ ಸುಲಿಯುವುದಕ್ಕೆ ದೂರದ ಜಿಲ್ಲೆಯಿಂದ ಬಂದು ತೋಟದ ಷೆಡ್ಡಿನಲ್ಲಿ ಬಿಡಾರ ಹೂಡಿರುವ ದಂಪತಿಗಳ ಮಗಳು. ತಂದೆಯು ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಚುಚ್ಚಿ ಸುಲಿಯುತ್ತಾನೆ, ತಾಯಿ ಮಟ್ಟೆ ಒಟ್ಟುತ್ತಾಳೆ, ಮಗಳು ಕೈಗೂಸನ್ನು ನೋಡಿಕೊಳ್ಳುತ್ತಾಳೆ. ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇದೆಯಂತೆ; ಅವಳು ಇಲ್ಲಿದ್ದಾಳೆ. ಮನೆಯ ಹುಡುಗಿಗೆ ಇರುವ ಒಬ್ಬಳೇ ಗೆಳತಿ ಇವಳು. ಮಗ್ಗಿ ಹೇಳುವಾಗ ಇವಳ ತುಟಿಯೂ ಅಲುಗುತ್ತಿತ್ತು. ಕೂಸು ಅತ್ತಾಗ ಹೊರಟುಹೋದಳು.

ಒಂದೇ ತೋಟದಲ್ಲಿ ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗದೆ ಇದ್ದಾರೆ. ಒಬ್ಬಳು ಶಾಲೆಯನ್ನು ಬಿಡುವಷ್ಟು ಅನುಕೂಲವುಳ್ಳವಳು. ಇನ್ನೊಬ್ಬಳು ಶಾಲೆಯನ್ನು ಮುಟ್ಟುವಷ್ಟು ಅನುಕೂಲವಿಲ್ಲದವಳು. ವಿದ್ಯಾ ಇಲಾಖೆಯವರ ಗಣತಿಯಲ್ಲಿ ಇಬ್ಬರಿಗೂ ಒಂದೇ ಹೆಸರು ಬಿದ್ದೀತು. ೨೦೧೩ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಶಾಲೆಯಿಂದ ಹೊರಗುಳಿದ ಮಕ್ಕಳ ವಿಚಾರವನ್ನು ತಾನಾಗಿಯೇ ಕೈಗೆತ್ತಿಕೊಂಡುದು ಎರಡನೆಯವಳಿಗೋಸ್ಕರ. ೨೦೨೦ರಲ್ಲಿ ಕೊರೊನಾ ಮಾರಿಯಿಂದ ಶಾಲೆಗಳು ಮುಚ್ಚಿ, ಆಗಸ್ಟಿನಲ್ಲಿ ಸರ್ಕಾರದವರು ವಿದ್ಯಾಗಮವೆಂಬ ಏರ್ಪಾಡನ್ನು ಮಾಡಿ, ಉಪಾಧ್ಯಾಯರು ಅರಳಿಕಟ್ಟೆಗೂ ಗುಡಿಯಂಗಳಕ್ಕೂ ಹೋಗಿ ಪಾಠಮಾಡಿದುದು ವಾಚಕರಿಗೆ ನೆನಪಿರಬಹುದು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಆ ಕಾಲದಲ್ಲಿ ದೇಶದ ಪ್ರತಿಯೊಂದು ಮನೆಯೂ ಬಲವಂತದಿಂದ ಪಾಠಶಾಲೆಯಾಯಿತು. ಪುಸ್ತಕವಿದ್ದ, ಫೋನಿದ್ದ, ಓದುಬಲ್ಲ ತಾಯಿಯಿದ್ದ ಮನೆಯ ಮಗು ಹೇಗೋ ದಡ ಸೇರಿತು. ಉಳಿದ ಮಕ್ಕಳು ಕುರಿ ಕಾದರು, ಕೂಸು ಎತ್ತಿದರು, ಕೆಲವು ಹೆಣ್ಣುಮಕ್ಕಳಿಗೆ ಮದುವೆಯೂ ಆಗಿಹೋಯಿತು.

ನಮ್ಮ ಪತ್ರಲೇಖಕರ ಕೋಪಕ್ಕೆ ಅರ್ಥವಿದೆಯೆಂದು ನಾವು ಒಪ್ಪುತ್ತೇವೆ. ಆದರೆ ಅದು ತಪ್ಪು ಬಾಗಿಲನ್ನು ತಟ್ಟಿದೆ. ಅರಸೀಕೆರೆಯ ಈ ಮನೆಯನ್ನು ಮುಚ್ಚಿಸಿದರೆ ಕಾಯಿ ಸುಲಿಯುವವನ ಮಗಳು ಶಾಲೆ ಸೇರಿದಂತಾಗುವುದಿಲ್ಲ. ಇಲಾಖೆಯವರು ಮನೆಯಲ್ಲಿ ಓದುವ ಮಕ್ಕಳಿಗೆ ಪ್ರತ್ಯೇಕವಾದ ದಾಖಲೆಯನ್ನಿಟ್ಟು, ವರ್ಷಕ್ಕೊಮ್ಮೆಯಾದರೂ ಒಬ್ಬ ಉಪಾಧ್ಯಾಯರನ್ನು ಕಳುಹಿಸಿ ಕಾಪಿ ಪುಸ್ತಕವನ್ನು ನೋಡಿಸಲಿ. ಪೀಡಿಸುವುದಕ್ಕಲ್ಲ, ಕಪ್ಪೆಯನ್ನು ಕಾಣುವುದಕ್ಕೆ. ವಲಸೆ ಬಂದವರ ಮಕ್ಕಳನ್ನು, ಹಾಜರಿ ಪುಸ್ತಕ ಬೇರೆ ಜಿಲ್ಲೆಯಲ್ಲಿದೆಯೆಂಬ ನೆವ ಹೇಳದೆ, ಇದ್ದ ಊರಿನ ಶಾಲೆಗೆ ಅಂದೇ ಸೇರಿಸಿಕೊಳ್ಳಲಿ. ಈ ಎರಡನೆಯದಕ್ಕೆ ಹೊಸ ಕಾನೂನು ಬೇಕಿಲ್ಲ. ಇರುವ ಕಾಯಿದೆಯೇ ವರ್ಷದ ನಡುವೆ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕೆಂದು ಹೇಳುತ್ತದೆ. ಇನ್ನು ಮನೆಯಲ್ಲಿ ಓದಿಸತಕ್ಕ ಬುದ್ಧಿವಂತರಿಗೆ ನಮ್ಮದೊಂದು ಮಾತಿದೆ. ನೀವು ಊರಿನ ಶಾಲೆಯಿಂದ ನಿಮ್ಮ ಮಕ್ಕಳನ್ನು ಬಿಡಿಸಿಕೊಂಡಿರಿ. ನಿಮ್ಮ ಪ್ರಶ್ನೆಗಳನ್ನೂ ಬಿಡಿಸಿಕೊಂಡಿರಿ. ಕುಡಿಯುವ ನೀರಿಲ್ಲವೆಂದೂ, ಉಪಾಧ್ಯಾಯರು ಸಾಲದೆಂದೂ, ಮಗ್ಗಿ ಬರುವುದಿಲ್ಲವೆಂದೂ ಶಾಲೆಯ ಬಾಗಿಲಲ್ಲಿ ನಿಂತು ಕೇಳತಕ್ಕವರು ಇನ್ನು ಯಾರು?

ಇದನ್ನು ನಾವು ಬೇಲೂರಿನಿಂದ ಹಿಂದಿರುಗುವಾಗ ಗೃಹಿಣಿಗೆ ಹೇಳಿದೆವು. ಆಕೆ ಒಡನೆ ಉತ್ತರ ಹೇಳಲಿಲ್ಲ. ಜಂಕ್ಷನ್ನಿನಲ್ಲಿ ನಮ್ಮನ್ನು ರೈಲಿಗೆ ಬಿಡುವಾಗ, "ಆ ಮಗುವಿಗೆ ಸಂಜೆ ನಾನೇ ಹೇಳಿಕೊಡುತ್ತಿದ್ದೇನೆ, ಅದು ಸಾಲದು ಅಲ್ಲವೇ" ಎಂದರು. ಸಾಲದು ಎಂದೆವು. ಅವಳಿಗೆ ಸಂಜೆಯ ದಯೆಗಿಂತ ಬೆಳಗಿನ ಮಣೆ ಬೇಕು, ಮಧ್ಯಾಹ್ನದ ಬಿಸಿಯೂಟ ಬೇಕು, ಕೂಸನ್ನು ಬಿಡುವುದಕ್ಕೆ ಅಂಗನವಾಡಿ ಬೇಕು.

ಹತ್ತು ದಿನಗಳ ಮೇಲೆ ಆಕೆಯ ಪತ್ರ ಬಂದಿದೆ. ಸುಲಿಯುವವರ ಮಗಳನ್ನು ಆಕೆಯೇ ಕೈಹಿಡಿದು ಕರೆದುಕೊಂಡು ಹೋಗಿ ಹಳ್ಳಿಯ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರೊಡನೆ ಮಾತನಾಡಿ ಸೇರಿಸಿದರಂತೆ, ಕೂಸು ಅಂಗನವಾಡಿಯಲ್ಲಿದೆಯಂತೆ. ಮೊದಲ ದಿನ ಜೊತೆಗೆ ಹೋಗಿದ್ದ ಹುಡುಗನು ಅಂಗಳದಲ್ಲಿ ಮಕ್ಕಳು ಆಡುವುದನ್ನು ನೋಡಿ ಬಂದವನು ಅಂದಿನಿಂದ ತಂದೆಯನ್ನು ಬಿಡುತ್ತಿಲ್ಲ. ಖೋ-ಖೋ ಆಡುವುದಕ್ಕೆ ಒಂದು ಕಡೆಗೇ ಒಂಬತ್ತು ಜನ ಬೇಕು, ಮನೆಯಲ್ಲಿ ನಾವಿಬ್ಬರೇ ಇದ್ದೇವೆ ಎಂಬುದು ಅವನ ವಾದ. ತಂದೆಯು ಯೋಚಿಸೋಣವೆಂದಿದ್ದಾರೆ. ಹುಡುಗಿಯು ಪತ್ರದ ಅಡಿಯಲ್ಲಿ ತನ್ನ ಕೈಯಿಂದಲೇ ಎರಡು ಸಾಲು ಸೇರಿಸಿದ್ದಾಳೆ: ಈ ವರ್ಷ ಅಟ್ಟದ ಮೇಲೆ ಕೊಳೆತ ಕಾಯಿ ನೂರಕ್ಕೆ ಏಳು, ಗೆಳತಿಗೆ ಆರರ ಮಗ್ಗಿ ಬಂದಿದೆ.